ಬ್ರ್ಯಾಂಡೆಡ್ ಬೆಳ್ಳಿ ಗಟ್ಟಿ: ಮಾರುವ ದಿನದಿಂದಲೇ ಲೆಕ್ಕ ಶುರು

ಪ್ಯಾಂಪ್, ವಾಲ್ಕಾಂಬಿ, ಮೆಟಲೋರ್, ಪರ್ತ್ ಮಿಂಟ್ ಮುಂತಾದ ಹೆಸರಾಂತ ತಯಾರಕರ ಮುದ್ರೆಯಿದ್ದರೆ ಬೆಳ್ಳಿ ಗಟ್ಟಿಯ ಬೆಲೆ ಏರುತ್ತದೆ. ಅದೇ ತೂಕ, ಅದೇ ಶುದ್ಧತೆಯ ಹೆಸರಿಲ್ಲದ ಗಟ್ಟಿ ಕಡಿಮೆಗೆ ಸಿಗುತ್ತದೆ. ಕರಗಿಸಿದರೆ ಎರಡೂ ಒಂದೇ ಬೆಳ್ಳಿ. ಹಾಗಿದ್ದರೂ ಹೆಚ್ಚು ಹಣ ಕೊಡುವುದು ಏಕೆಂದರೆ, ಮುಂದೊಂದು ದಿನ ಮಾರಲು ಹೋದಾಗ ವ್ಯಾಪಾರಿ ಗಟ್ಟಿಯನ್ನು ಕೊರೆದು, ಕರಗಿಸಿ ನೋಡದೆ ಮುದ್ರೆಯ ನಂಬಿಕೆಯ ಮೇಲೆ ಹಣ ಎಣಿಸಲಿ ಎಂದು. ಆ ನಂಬಿಕೆ ಮಾರುವ ದಿನದವರೆಗೆ ಉಳಿದರಷ್ಟೇ ಕೊಟ್ಟ ಹಣ ವಾಪಸ್ ಬರುತ್ತದೆ. ಕೆಳಗಿನ ಹಂತಗಳೆಲ್ಲ ಇದೊಂದನ್ನೇ ಗುರಿಯಾಗಿಟ್ಟುಕೊಂಡವು.

1. ಮುದ್ರೆ ಓದಲು ಕಲಿಯಿರಿ

ಬೆಳ್ಳಿಯ ಅಂತರರಾಷ್ಟ್ರೀಯ ದರ ಟ್ರಾಯ್ ಔನ್ಸ್ ಲೆಕ್ಕದಲ್ಲಿರುತ್ತದೆ. ಒಂದು ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ, ಒಂದು ಕಿಲೋಗೆ 32.15 ಟ್ರಾಯ್ ಔನ್ಸ್. ಸಾಮಾನ್ಯ ಔನ್ಸ್ ಬರೀ 28.35 ಗ್ರಾಂ. ಗಟ್ಟಿಯ ಮೇಲೆ ‘ಔನ್ಸ್’ ಎಂದಷ್ಟೇ ಇದ್ದರೆ ಯಾವ ಔನ್ಸ್ ಎಂದು ಕೇಳಿಕೊಳ್ಳಿ. ಎರಡರ ನಡುವೆ ಸುಮಾರು ಶೇ 9ರಷ್ಟು ಬೆಳ್ಳಿಯ ವ್ಯತ್ಯಾಸವಿದೆ.

ಶುದ್ಧತೆ 999 ಎಂದರೆ ಸಾವಿರ ಭಾಗದಲ್ಲಿ 999 ಭಾಗ ಬೆಳ್ಳಿ. ಕೆಲವು ಗಟ್ಟಿಗಳಲ್ಲಿ 999.9 ಎಂದಿರುತ್ತದೆ. ಇವೆರಡರ ನಡುವಿನ ಅಂತರ ಶೇ 0.09 ಮಾತ್ರ, ಅದಕ್ಕಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ. 925 ಎಂದಿದ್ದರೆ ಅದು ಸ್ಟರ್ಲಿಂಗ್: ಪಾತ್ರೆ, ಆಭರಣಗಳಿಗೆ ಸರಿ, ಹೂಡಿಕೆಯ ಗಟ್ಟಿಗೆ ಬೇಡ. ಇನ್ನು ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಇರುವುದೇ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ‘100 ಮಿಲ್ಸ್ 999 ಸಿಲ್ವರ್’ ಎಂಬ ಮುದ್ರೆ ಕಂಡರೆ ತಕ್ಷಣ ಕೆಳಗಿಡಿ. ಅದು ಅಗ್ಗದ ಲೋಹದ ಮೇಲೆ ಬಳಿದ ಬೆಳ್ಳಿ ಲೇಪ. 999 ಎಂಬ ಅಂಕಿಯಷ್ಟೇ ಕಣ್ಣಿಗೆ ಬಿದ್ದು ಮೋಸಹೋಗುವವರು ಬಹಳ.

2. ಪ್ರೀಮಿಯಂ ಲೆಕ್ಕ ಹಾಕಿ

ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಸ್ಪಾಟ್ ದರ ದೊಡ್ಡ ಸಗಟು ವಹಿವಾಟಿನದು. ಅಲ್ಲಿ ಕೈಬದಲಾಗುವ ಗಟ್ಟಿ ಒಂದೊಂದೂ ಸುಮಾರು 1,000 ಔನ್ಸ್, ಅಂದರೆ 31 ಕಿಲೋ. ಲಂಡನ್ ಬುಲಿಯನ್ ಮಾರ್ಕೆಟ್ ಅಸೋಸಿಯೇಷನ್‌ನ ಆಧಾರ ದರ ದಿನಕ್ಕೊಮ್ಮೆ, ಲಂಡನ್ನಿನ ಮಧ್ಯಾಹ್ನ 12ಕ್ಕೆ ಗೊತ್ತಾಗುತ್ತದೆ. ನಮ್ಮ ಕೈಗೆ ಬರುವ ಸಣ್ಣ ಗಟ್ಟಿಗೆ ಇದರ ಮೇಲೆ ತಯಾರಿಕೆಯ ಖರ್ಚು, ಬ್ರ್ಯಾಂಡಿನ ಬೆಲೆ, ವ್ಯಾಪಾರಿಯ ಲಾಭ, ಸಾಗಣೆ, ತೆರಿಗೆ ಸೇರುತ್ತವೆ. ತೆರಿಗೆ ಬಿಟ್ಟು ಉಳಿದುದೇ ಪ್ರೀಮಿಯಂ.

ವ್ಯಾಪಾರಿಯನ್ನು ಎರಡು ಪ್ರಶ್ನೆ ಕೇಳಿ. ಈಗ ನೀವು ಮಾರುವುದು ಸ್ಪಾಟ್‌ಗಿಂತ ಶೇಕಡಾ ಎಷ್ಟು ಮೇಲೆ? ಇದೇ ಗಟ್ಟಿಯನ್ನು ಈ ಗಳಿಗೆಯಲ್ಲಿ ನಾನು ತಂದರೆ ಎಷ್ಟಕ್ಕೆ ಕೊಳ್ಳುತ್ತೀರಿ? ಎರಡನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಕಡೆ ವ್ಯವಹಾರ ಬೇಡ.

ಒಂದು ಸಣ್ಣ ಗಟ್ಟಿಯನ್ನು ಸ್ಪಾಟ್‌ಗಿಂತ ಶೇ 12 ಹೆಚ್ಚಿಗೆ ಕೊಂಡಿರಿ, ಮಾರುವಾಗ ಶೇ 2 ಕಡಿಮೆಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. 112ನ್ನು 98ರಿಂದ ಭಾಗಿಸಿದರೆ 1.143. ಅಂದರೆ ಬೆಳ್ಳಿಯ ದರ ಶೇ 14.3 ಏರಿದ ಮೇಲಷ್ಟೇ ಹಾಕಿದ ಹಣ ಕೈಗೆ ಬರುತ್ತದೆ. ಶೇ 5 ಪ್ರೀಮಿಯಂಗೆ ಒಂದು ಕಿಲೋ ಗಟ್ಟಿ ಕೊಂಡವರಿಗೆ ಶೇ 7.1 ಏರಿದರೆ ಸಾಕು. ಕೊಟ್ಟ ತೆರಿಗೆ ಮಾರುವಾಗ ವಾಪಸ್ ಸಿಗದಿದ್ದರೆ ಅದನ್ನೂ ಮೇಲಿನ ಅಂಕಿಗೆ ಸೇರಿಸಿಕೊಳ್ಳಬೇಕು. ಚಿನ್ನಕ್ಕಿರುವ ವಿನಾಯಿತಿ ಬೆಳ್ಳಿಗೂ ಇದೆ ಎಂದು ತಿಳಿಯುವುದು ತಪ್ಪು. ಉದಾಹರಣೆಗೆ, ಯುರೋಪಿಯನ್ ಒಕ್ಕೂಟದಲ್ಲಿ ಹೂಡಿಕೆಯ ಚಿನ್ನಕ್ಕೆ ವ್ಯಾಟ್ ಇಲ್ಲ. ಬೆಳ್ಳಿ ಗಟ್ಟಿಗೆ ಇದೆ.

ಸ್ಪಾಟ್ ದರ ಕುಸಿದಾಕ್ಷಣ ಗಟ್ಟಿ ಅಗ್ಗವಾಗುತ್ತದೆ ಎನ್ನುವಂತಿಲ್ಲ. 2020ರ ಮಾರ್ಚ್‌ನಲ್ಲಿ ಸ್ಪಾಟ್ ದರ ನೆಲಕಚ್ಚಿದಾಗಲೇ ಚಿಲ್ಲರೆ ಗಟ್ಟಿ, ನಾಣ್ಯಗಳ ಪ್ರೀಮಿಯಂ ವಿಪರೀತ ಏರಿತ್ತು. ಅಂಥ ಹೊತ್ತಿನಲ್ಲಿ ತಡೆದುಕೊಳ್ಳುವುದೇ ಲೇಸು.

3. ಬ್ರ್ಯಾಂಡ್ ಮತ್ತು ಗಾತ್ರ

ಲಂಡನ್ ಅಸೋಸಿಯೇಷನ್ ‘ಗುಡ್ ಡೆಲಿವರಿ’ ಎಂಬ ರಿಫೈನರಿಗಳ (ಲೋಹ ಶುದ್ಧೀಕರಿಸುವ ಕಾರ್ಖಾನೆಗಳ) ಪಟ್ಟಿ ಇಟ್ಟುಕೊಂಡಿದೆ. ತಯಾರಕರ ಹೆಸರು ಅದರಲ್ಲಿದೆಯೇ ನೋಡಿ. ಆದರೆ ಒಂದು ಸೂಕ್ಷ್ಮ ತಿಳಿದಿರಲಿ: ಆ ಮಾನ್ಯತೆ 750ರಿಂದ 1,100 ಔನ್ಸ್ ತೂಗುವ ದೊಡ್ಡ ಗಟ್ಟಿಗಳದ್ದು. ‘ಇದು ಗುಡ್ ಡೆಲಿವರಿ ಗಟ್ಟಿ’ ಎಂದು ಒಂದು ಕಿಲೋ ಗಟ್ಟಿ ತೋರಿಸುವವರು ತಪ್ಪು ಹೇಳುತ್ತಿದ್ದಾರೆ. ತಯಾರಕರು ಪಟ್ಟಿಯಲ್ಲಿದ್ದಾರೆ ಎಂದಷ್ಟೇ ಹೇಳಬಹುದು. ಸಣ್ಣ ಗಟ್ಟಿಗೆ ಆಸರೆ ತಯಾರಕರ ಹೆಸರು.

ಸ್ವಿಟ್ಜರ್‌ಲೆಂಡಿನ ಪ್ಯಾಂಪ್ 1977ರದು, ವಾಲ್ಕಾಂಬಿ 1961ರದು, ಮೆಟಲೋರ್ 1852ರಷ್ಟು ಹಳೆಯದು. ಆಸ್ಟ್ರೇಲಿಯಾದ ಪರ್ತ್ ಮಿಂಟ್ 1899ರಲ್ಲಿ, ಕೆನಡಾದ ರಾಯಲ್ ಕೆನಡಿಯನ್ ಮಿಂಟ್ 1908ರಲ್ಲಿ ಶುರುವಾದ ಟಂಕಸಾಲೆಗಳು. ಈ ಸಾಲಿನಲ್ಲಿ ಯಾವುದು ಮೇಲು ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ನೀವು ಮಾರಲಿರುವ ಜಾಗದ ವ್ಯಾಪಾರಿಗಳು ಯಾವುದನ್ನು ಹೆಚ್ಚು ಪ್ರಶ್ನಿಸದೆ ಕೊಳ್ಳುತ್ತಾರೆ ಎಂದು ಮೂರು ಕಡೆ ವಿಚಾರಿಸುವುದು ಉಪಯುಕ್ತ. ಎಂಗಲ್‌ಹಾರ್ಡ್, ಜಾನ್ಸನ್ ಮ್ಯಾಥಿ ಕಂಪನಿಗಳ ಹಳೆಯ ಗಟ್ಟಿಗಳಿಗೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ ನಿಜ, ಆದರೆ ಅದು ಸಂಗ್ರಹದ ಹವ್ಯಾಸ. ಹೂಡಿಕೆಯ ಲೆಕ್ಕದಲ್ಲಿ ಅದನ್ನು ಬೆರೆಸಬೇಡಿ. ಹಬ್ಬದ ಆವೃತ್ತಿ, ಬಣ್ಣದ ಚಿತ್ರ, ಉಡುಗೊರೆ ಡಬ್ಬಿಗೆ ಕೊಟ್ಟ ಹಣವೂ ಸಾಮಾನ್ಯವಾಗಿ ವಾಪಸ್ ಬರದು.

ಗಟ್ಟಿಗಳಲ್ಲಿ ಎರಡು ಬಗೆ. ಕರಗಿದ ಬೆಳ್ಳಿಯನ್ನು ಅಚ್ಚಿಗೆ ಹೊಯ್ದ ಎರಕದ ಗಟ್ಟಿ ಒರಟಾಗಿರುತ್ತದೆ, ಪ್ರೀಮಿಯಂ ಕಡಿಮೆ, ಸಣ್ಣಪುಟ್ಟ ಗೀರನ್ನು ಯಾರೂ ಲೆಕ್ಕಿಸುವುದಿಲ್ಲ. ಬೆಳ್ಳಿಯ ಹಾಳೆಯಿಂದ ಕತ್ತರಿಸಿ ಮುದ್ರೆಯೊತ್ತಿದ ಗಟ್ಟಿ ಕನ್ನಡಿಯಂತೆ ಹೊಳೆಯುತ್ತದೆ, ದುಬಾರಿ, ಬೆರಳಚ್ಚೂ ಎದ್ದು ಕಾಣುತ್ತದೆ. ಹೂಡಿಕೆಗೆ ಎರಕದ ಒಂದು ಕಿಲೋ ಗಟ್ಟಿಯೇ ಒಳ್ಳೆಯ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಜೊತೆಗೆ 100 ಗ್ರಾಂ ಅಥವಾ 10 ಔನ್ಸ್‌ನ ಕೆಲವು ಇರಲಿ, ಸ್ವಲ್ಪ ಹಣ ಬೇಕಾದಾಗ ದೊಡ್ಡದನ್ನು ಮುಟ್ಟುವ ಪ್ರಮೇಯ ಬರದು. ಗಟ್ಟಿಯನ್ನು ತುಂಡರಿಸಿ ಮಾರಿದರೆ ಬ್ರ್ಯಾಂಡ್ ಅಲ್ಲಿಗೇ ಮುಗಿಯಿತು.

4. ಖರೀದಿ

ದರವನ್ನು ಲಾಕ್ ಮಾಡುವ, ಅಂದರೆ ಆ ಹೊತ್ತಿನ ದರಕ್ಕೇ ಆರ್ಡರ್ ಖಚಿತಪಡಿಸುವ ಮುನ್ನ ರದ್ದತಿಯ ಷರತ್ತು ಓದಿ. ದರ ಇಳಿದ ಮೇಲೆ ಆರ್ಡರ್ ರದ್ದು ಮಾಡಿದರೆ ಆ ನಷ್ಟವನ್ನು ಗ್ರಾಹಕರಿಂದಲೇ ವಸೂಲಿ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು. ರಸೀದಿಯಲ್ಲಿ ಬ್ರ್ಯಾಂಡ್, ತೂಕ, ಶುದ್ಧತೆ, ದಿನಾಂಕ, ದರ ಮತ್ತು ಕ್ರಮಸಂಖ್ಯೆ ಇರಬೇಕು. ಕ್ರಮಸಂಖ್ಯೆಯಿಲ್ಲದ ಬೆಳ್ಳಿ ಗಟ್ಟಿಗಳೂ ಇವೆ. ನೀವು ಕೊಳ್ಳುತ್ತಿರುವ ಮಾದರಿಗೆ ಅದು ಇರಬೇಕೇ ಎಂದು ತಯಾರಕರ ಜಾಲತಾಣದಲ್ಲಿ ನೋಡಿಕೊಳ್ಳಿ. ಪಾರ್ಸೆಲ್ ಬಂದರೆ ಬಿಚ್ಚುವ ಮೊದಲೇ ತೂಕ ಮಾಡಿ, ಬಿಚ್ಚುವುದನ್ನು ತಡೆಯಿಲ್ಲದೆ ವಿಡಿಯೊ ಮಾಡಿ.

5. ಅಸಲಿಯೇ? ಎರಡು ಪರೀಕ್ಷೆ ಒಟ್ಟಿಗೆ

ಸೀಲ್ ಆದ ಪ್ಯಾಕ್ ಇದ್ದರೆ ಬಿಚ್ಚಬೇಡಿ. ಪ್ಯಾಕಿನಲ್ಲಿರುವ ಪ್ರಮಾಣಪತ್ರದ ಕಾರ್ಡಿನ ಮೇಲಿನ ಸಂಖ್ಯೆಗೂ ಗಟ್ಟಿಯ ಮೇಲಿನ ಸಂಖ್ಯೆಗೂ ತಾಳೆ ನೋಡಿ, ಅಂಚಿನಲ್ಲಿ ಅಂಟು ಬಿಟ್ಟ ಗುರುತಿದೆಯೇ ಗಮನಿಸಿ. ಪ್ಯಾಕಿನ ಹೊರಗಿನಿಂದಲೇ ಲೋಹದ ವಿದ್ಯುತ್ ವಾಹಕತೆ ಅಳೆಯುವ ಉಪಕರಣ ಹಲವು ವ್ಯಾಪಾರಿಗಳ ಬಳಿ ಇರುತ್ತದೆ. ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುತ್ತದೆ, ಆದರೆ ಮೇಲ್ಪದರವನ್ನಷ್ಟೇ ಓದುತ್ತದೆ. ದಪ್ಪ ಲೇಪವಿದ್ದರೆ ಅದೂ 999 ಎಂದೇ ಹೇಳುತ್ತದೆ.

ಪ್ಯಾಕ್ ಇಲ್ಲದ ಗಟ್ಟಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ. ಗಟ್ಟಿಯನ್ನು ಮೊದಲು ಒಣಗಿರುವಾಗಲೇ ತೂಗಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಸೊನ್ನೆಗೆ ತನ್ನಿ. ತೆಳು ದಾರದಿಂದ ಗಟ್ಟಿಯನ್ನು ಪೂರ್ತಿ ಮುಳುಗುವಂತೆ ನೇತುಹಾಕಿ. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಒಂದು ಕಿಲೋ ಬೆಳ್ಳಿಗೆ ತಕ್ಕಡಿ ಸುಮಾರು 95.3 ತೋರಿಸಬೇಕು. ತಾಮ್ರವಾದರೆ 111.6, ಸೀಸವಾದರೆ 88.2. ಸಂಖ್ಯೆ ತುಸು ಹೆಚ್ಚು ಬಂದರೆ ಅಂಟಿಕೊಂಡ ಗಾಳಿಗುಳ್ಳೆಗಳನ್ನು ಕೊಡವಿ ಮತ್ತೊಮ್ಮೆ ನೋಡಿ.

ಇಷ್ಟೇ ಸಾಲದು. ಮಾಲಿಬ್ಡಿನಂನ ಸಾಂದ್ರತೆ 10.28, ಅಂದರೆ ಒಂದು ಕಿಲೋಗೆ 97.3. ಸೀಸಕ್ಕೆ ಬೇರೆ ಲೋಹ ಬೆರೆಸಿ ಸರಿಯಾಗಿ 10.49ಕ್ಕೇ ತರುವುದೂ ಸಾಧ್ಯ. ಇಂಥದ್ದನ್ನು ಹಿಡಿಯಲು ಮಂಜುಗಡ್ಡೆ ಬೇಕು. ಲೋಹಗಳಲ್ಲೆಲ್ಲ ಶಾಖವನ್ನೂ ವಿದ್ಯುತ್ತನ್ನೂ ಅತಿ ಚೆನ್ನಾಗಿ ಹರಿಸುವುದು ಬೆಳ್ಳಿ. ಅದರ ಮೇಲಿಟ್ಟ ಮಂಜುಗಡ್ಡೆ ನೋಡನೋಡುತ್ತಲೇ ಕರಗುತ್ತದೆ. ನಿಯೋಡೈಮಿಯಂ ಅಯಸ್ಕಾಂತವನ್ನು ಓರೆಯಾಗಿ ಹಿಡಿದ ಗಟ್ಟಿಯ ಮೇಲೆ ಬಿಟ್ಟರೆ ಅಂಟದೆ, ಜೇನಿನಲ್ಲಿ ಇಳಿದಂತೆ ನಿಧಾನವಾಗಿ ಜಾರುತ್ತದೆ. ಸೀಸದ ಮಿಶ್ರಣ, ಮಾಲಿಬ್ಡಿನಂ ಇಲ್ಲಿ ಸಿಕ್ಕಿಬೀಳುತ್ತವೆ. ತಾಮ್ರ ಮಾತ್ರ ಈ ಪರೀಕ್ಷೆಯಲ್ಲಿ ಬೆಳ್ಳಿಯಂತೆಯೇ ನಟಿಸುತ್ತದೆ, ಆದರೆ ಅದು ನೀರಿನಲ್ಲಿ ಆಗಲೇ ಸೋತಿರುತ್ತದೆ. ಒಂದನ್ನೇ ಮಾಡಿ ಸುಮ್ಮನಾಗಬಾರದು ಎನ್ನುವುದು ಈ ಕಾರಣಕ್ಕೆ. ಆಸಿಡ್ ಹನಿ, ಅರದ ಗೀರು ಬೇಡ. ಗಟ್ಟಿ ಅಸಲಿಯಾಗಿದ್ದರೂ ಅದರ ಮುಖ ಕೆಡುತ್ತದೆ.

6. ಇಡುವುದು

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಪಿವಿಸಿ ಚೀಲ ಹತ್ತಿರವೂ ಬೇಡ. ಗಾಳಿಯಾಡದ ಪಾಲಿಥಿನ್ ಚೀಲ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ಕಪ್ಪಾದರೆ ಉಜ್ಜಲು ಹೋಗಬೇಡಿ: ಪಾಲಿಶ್ ಬೆಳ್ಳಿಯನ್ನೂ ಒಂದಿಷ್ಟು ತೆಗೆದುಬಿಡುತ್ತದೆ, ಮುದ್ರೆ ಮಸುಕಾಗುತ್ತದೆ. ಕಪ್ಪು ಬಣ್ಣದಿಂದ ಲೋಹದ ಬೆಲೆ ಇಳಿಯುವುದಿಲ್ಲ.

ಅಷ್ಟೇ ಮೌಲ್ಯದ ಚಿನ್ನಕ್ಕಿಂತ ಬೆಳ್ಳಿ ಹಲವು ಹತ್ತು ಪಟ್ಟು ಭಾರ, ಜಾಗವೂ ಬಹಳ ಬೇಕು. ಆದ್ದರಿಂದ ಸೇಫ್ ಕೊಳ್ಳುವ ಮುನ್ನ ಲೆಕ್ಕ ಹಾಕಿ; ಮನೆ ವಿಮೆಯಲ್ಲಿ ಅಮೂಲ್ಯ ಲೋಹಗಳಿಗೆ ಮಿತಿ ಎಷ್ಟೆಂದು ಓದಿ. ಖಾಸಗಿ ವಾಲ್ಟ್‌ನಲ್ಲಿ ಇಡುವುದಾದರೆ ‘ಅಲೊಕೇಟೆಡ್’ ಎಂಬ ಪದ ಒಪ್ಪಂದದಲ್ಲಿರಲಿ: ಈ ಸಂಖ್ಯೆಯ ಗಟ್ಟಿ ನಿಮ್ಮದೇ ಎಂದು ಅದರರ್ಥ. ‘ಅನ್‌ಅಲೊಕೇಟೆಡ್’ ಆದರೆ ನೀವು ಬರೀ ಕಂಪನಿಗೆ ಸಾಲ ಕೊಟ್ಟವರ ಸಾಲಿನಲ್ಲಿ ನಿಂತು ಬಾಕಿ ಕೇಳುವವರು. ಕಂಪನಿ ಮುಳುಗಿದ ದಿನ ಈ ವ್ಯತ್ಯಾಸ ಗೊತ್ತಾಗುತ್ತದೆ.

7. ಮಾರುವುದು

ಬೆಳ್ಳಿಯ ದರ ಚಿನ್ನಕ್ಕಿಂತ ಬಿರುಸಾಗಿ ಏಳುತ್ತದೆ, ಬೀಳುತ್ತದೆ. 1980ರ ಜನವರಿಯ ತುದಿಯಿಂದ ಮಾರ್ಚ್ ಕೊನೆಯೊಳಗೆ ಮುಕ್ಕಾಲು ಪಾಲು ಬೆಲೆ ಕರಗಿತ್ತು. 2011ರ ಮೇ ಮೊದಲ ವಾರದಲ್ಲೇ ಸುಮಾರು ಕಾಲು ಭಾಗ ಇಳಿದಿತ್ತು. ಮನೆ ಬಾಡಿಗೆ, ಶಾಲೆ ಶುಲ್ಕಕ್ಕೆ ಇಷ್ಟರಲ್ಲೇ ಬೇಕಾಗುವ ಹಣವನ್ನು ಗಟ್ಟಿಯಲ್ಲಿ ಹೂಡಿದರೆ ಇಂಥದೇ ವಾರದಲ್ಲಿ ಮಾರಬೇಕಾದೀತು.

ಒಂದೇ ದಿನ, ಒಂದೇ ಹೊತ್ತಿನಲ್ಲಿ ಮೂವರಿಂದ ದರ ಕೇಳಿ. ಉತ್ತರ ‘ಸ್ಪಾಟ್‌ಗಿಂತ ಶೇ ಇಷ್ಟು ಕಡಿಮೆ’ ಎಂಬ ರೂಪದಲ್ಲಿರಲಿ, ಆಗ ಹೋಲಿಸುವುದು ಸುಲಭ. ರಸೀದಿ, ಕಾರ್ಡ್ ಜೊತೆಗೇ ಒಯ್ಯಿರಿ. ತೂಕ ನಿಮ್ಮ ಕಣ್ಣೆದುರೇ ಆಗಲಿ. ಗಟ್ಟಿಯನ್ನು ಕೊರೆದು ನೋಡಬೇಕು ಎಂದರೆ ದರ ಬರಹದಲ್ಲಿ ಖಚಿತವಾಗುವವರೆಗೆ ಒಪ್ಪಬೇಡಿ. ತೂತು ಬಿದ್ದ ಮೇಲೆ ಮಾತು ಮುರಿದರೆ ಮುಂದಿನ ಅಂಗಡಿಯಲ್ಲಿ ಅದಕ್ಕೆ ಸಿಗುವುದು ಹೆಸರಿಲ್ಲದ ಬೆಳ್ಳಿಯ ಬೆಲೆ.