ಬೇಟೆಗಾರ ನೊರಜುಗಳಲ್ಲಿ ಹೊಸ ಪ್ರಭೇದ ಗುರುತಿಸುವುದು

ಸೆರಾಟೊಪೊಗೊನಿಡೇ ಕುಟುಂಬವೆಂದರೆ ರಕ್ತ ಹೀರುವ ನೊರಜುಗಳೇ ನೆನಪಾಗುತ್ತವೆ. ಅದೇ ಕುಟುಂಬದ ಬೆಜ್ಜಿಯಾ, ಪಾಲ್ಪೊಮಿಯಾ ಜಾತಿಗಳ ಹೆಣ್ಣುಗಳು ಮಾತ್ರ ಸಣ್ಣ ಕೀಟಗಳನ್ನು ಹಿಡಿದು ಹೀರುತ್ತವೆ.

ಹೊತ್ತು ಇಳಿಯುವಾಗ ಹಳ್ಳ, ಕೆರೆಗಳ ಅಂಚಿನ ಗಿಡಗಳ ಮೇಲೆ ಬಲೆ ಬೀಸಿ. ಗಾಳಿಯಲ್ಲಿ ಕುಣಿಯುವ ಗಂಡುಗಳ ಗುಂಪಿಗೂ ಬೀಸಿ. ಬೇಟೆಗೆ ಬಂದ ಹೆಣ್ಣುಗಳು ಅಲ್ಲಿರುತ್ತವೆ. ಸ್ಲೈಡ್‌ಗೆ ಶೇ 70ರ, ಡಿಎನ್‌ಎಗೆ ಶೇ 95ರ ಎಥೆನಾಲ್ ಬಳಸಿ. ಚೀಟಿ ಪೆನ್ಸಿಲ್‌ನಲ್ಲೇ ಬರೆಯಿರಿ, ಬಾಲ್‌ಪೆನ್ ಶಾಯಿ ಎಥೆನಾಲ್‌ನಲ್ಲಿ ಕರಗುತ್ತದೆ.

ರೆಕ್ಕೆಯ ಮಧ್ಯದ ನರ ಎರಡಾಗಿ ಕವಲೊಡೆದಿದೆಯೇ ನೋಡಿ. ಇವನ್ನೇ ಹೋಲುವ, ಕಚ್ಚದ ಕೈರೋನೊಮಿಡ್ ನೊರಜುಗಳಲ್ಲಿ ಅದು ಕವಲೊಡೆಯುವುದಿಲ್ಲ. ರೇಡಿಯಲ್ ಕೋಶ (ರೆಕ್ಕೆಯ ಮುಂಬದಿಯ ನರಗಳ ನಡುವಿನ ಮುಚ್ಚಿದ ಜಾಗ) ಒಂದಿದ್ದರೆ ಬೆಜ್ಜಿಯಾದ ಕಡೆ, ಎರಡಿದ್ದರೆ ಪಾಲ್ಪೊಮಿಯಾದ ಕಡೆ ಹುಡುಕಿ.

ಸ್ಲೈಡ್‌ಗಾಗಿ ಹೆಣ್ಣಿನ ದೇಹಭಾಗಗಳನ್ನು ಬಿಡಿಸುವ ಮುನ್ನ ಹೊಟ್ಟೆಯ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ತಪ್ಪದೆ ನೋಡಿ. ಇವುಗಳಲ್ಲಿ ಹಲವು ಪ್ರಭೇದಗಳ ಹೆಣ್ಣು ಕೂಡುವಾಗಲೇ ಗಂಡನ್ನು ಚುಚ್ಚಿ, ಒಳಗಿನದನ್ನು ಕರಗಿಸಿ ಹೀರುತ್ತದೆ. ಗಂಡಿನ ಜನನಾಂಗ ಮುರಿದು ಹೆಣ್ಣಿನ ಹೊಟ್ಟೆಯ ತುದಿಗೇ ಅಂಟಿಕೊಂಡಿರುತ್ತದೆ. ಅದನ್ನು ಕಸವೆಂದು ಬ್ರಷ್‌ನಿಂದ ಉಜ್ಜಿ ತೆಗೆದರೆ, ಯಾವ ಗಂಡು ಯಾವ ಹೆಣ್ಣಿನ ಪ್ರಭೇದದ್ದೆಂಬುದಕ್ಕೆ ಇರುವ ಅಮೂಲ್ಯ ಸಾಕ್ಷ್ಯವೇ ಹೋಗುತ್ತದೆ. ಒಂದೇ ಬಲೆಗೆ ಬಿದ್ದವೆಂಬ ಮಾತ್ರಕ್ಕೆ ಗಂಡು-ಹೆಣ್ಣು ಜೋಡಿಸುವುದು ತಪ್ಪಿನ ಮೂಲ. ಅಂಟಿದ ಅಂಗ ಸಿಗದಿದ್ದರೆ ಸುಮಾರು 658 ಬೇಸ್‌ಜೋಡಿಗಳ ಸಿಒಐ ಬಾರ್‌ಕೋಡ್ (ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ತುಣುಕು) ಹೋಲಿಸಿ.

ಸ್ಲೈಡ್‌ನಲ್ಲಿ ಮಾದರಿ ಕೂರಿಸಲು ಫೀನಾಲ್ ಬೆರೆಸಿದ ಬಾಲ್ಸಮ್ ಅಂಟು ಒಳ್ಳೆಯದು. ಫೀನಾಲ್ ಚರ್ಮ ಸುಡುತ್ತದೆ; ಕೈಗವಸು ಹಾಕಿ, ಗಾಳಿಯಾಡುವಲ್ಲಿ ಕೆಲಸ ಮಾಡಿ. ನೀರಿನಂಶ ಉಳಿದರೆ ಬಾಲ್ಸಮ್ ಬೆಳ್ಳಗೆ ಮಸುಕಾಗುತ್ತದೆ. ತಲೆ, ರೆಕ್ಕೆ, ಎದೆ-ಕಾಲು, ಹೊಟ್ಟೆ ಬೇರೆಬೇರೆ ಕವರ್‌ಸ್ಲಿಪ್ ಕೆಳಗಿರಲಿ. ಒಂದೇ ಸ್ಲೈಡ್‌ನಲ್ಲಿರಲಿ, ಬೇರೆ ಕೀಟದ ಕಾಲು ಸೇರಿಕೊಳ್ಳಬಾರದು.

ಮುಂಗಾಲಿನ ತೊಡೆಯ ಮುಳ್ಳುಗಳು, ಕಾಲಿನ ಪಟ್ಟೆ, ಉಗುರು, ಹೆಣ್ಣಿನ ವೀರ್ಯಕೋಶಗಳು, ಗಂಡಿನ ಜನನಾಂಗ ಇವೆಲ್ಲವನ್ನೂ ದಾಖಲಿಸಿ. ಹೆಣ್ಣಿನ ಮೀಸೆಯ ಕೊನೆಯ 5 ತುಂಡುಗಳ ಒಟ್ಟು ಉದ್ದವನ್ನು ಮೊದಲ 8ರದ್ದರಿಂದ ಭಾಗಿಸಿದರೆ ಮೀಸೆಯ ಅನುಪಾತ ಸಿಗುತ್ತದೆ. ಬಣ್ಣವೊಂದನ್ನೇ ನೆಚ್ಚಬೇಡಿ: ಆಗತಾನೆ ಪೊರೆಯಿಂದ ಹೊರಬಂದ ನೊರಜಿನ ಕಾಲು ಪೇಲವವಾಗಿರುತ್ತದೆ, ಹಳೆಯ ಮಾದರಿಯದ್ದು ಎಥೆನಾಲ್‌ನಲ್ಲಿ ಮಾಸುತ್ತದೆ. ಎಷ್ಟೋ ‘ಹೊಸ’ ಪ್ರಭೇದಗಳು ಹುಟ್ಟುವುದು ಇಲ್ಲಿಯೇ.

ಹೋಲುವ ಪ್ರಭೇದದ ಹಳೆಯ ವಿವರಣೆ ಸಂದಿಗ್ಧವಾಗಿದ್ದರೆ ಅದರ ಮೂಲಮಾದರಿಯನ್ನೇ ನೋಡಬೇಕು. ಪ್ರಭೇದ ಹೊಸದೇ ಎಂದಾದ ಬಳಿಕ ಒಂದೇ ಒಂದು ಮಾದರಿಯನ್ನು ಹೊಲೊಟೈಪ್ (ಹೆಸರಿಗೆ ಆಧಾರವಾಗುವ ಮಾದರಿ) ಎಂದು ಸ್ಪಷ್ಟವಾಗಿ ಹೆಸರಿಸಿ, ಅದು ಯಾವ ಸಂಗ್ರಹಾಲಯದಲ್ಲಿದೆಯೆಂದು ಬರೆಯಿರಿ. ಪ್ರಬಂಧ ವಿದ್ಯುನ್ಮಾನ ರೂಪದಲ್ಲಷ್ಟೇ ಬರುವುದಾದರೆ, 2012ರಿಂದೀಚೆಗಿನ ನಿಯಮದಂತೆ ಪ್ರಕಟಣೆಗೆ ಮುನ್ನವೇ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯಾಗಿರಬೇಕು.