ಒರಿಜಿನಲ್ ಜಾವಾ: ಕೊಳ್ಳುವಾಗ, ಮಾರುವಾಗ ನಾನು ನೋಡುವುದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೂ ಗಾಡಿ ಮಾಡಿದ್ದರಿಂದ ನಮ್ಮ ಕಡೆ ಹಳೇ ಜಾವಾ, ಯೆಜ್ಡಿ ಬೈಕುಗಳಿಗೆ ಬರವಿಲ್ಲ. ಕಾರ್ಖಾನೆಯ ಬಣ್ಣದಲ್ಲೇ ಉಳಿದವು ಮಾತ್ರ ಅಪರೂಪ. ಫಳಫಳ ಹೊಳೆಯುವ ರೀಸ್ಟೋರ್ ಗಾಡಿಗಿಂತ ಮಾಸಿದ ಒರಿಜಿನಲ್ಲಿಗೇ ನಾನು ಹೆಚ್ಚು ದುಡ್ಡು ಕೊಡುತ್ತೇನೆ.

ಮೊದಲು ದಾಖಲೆ. ಚಾಸಿ, ಎಂಜಿನ್ ನಂಬರುಗಳ ಮೇಲಿನ ಜಿಡ್ಡು ಒರೆಸಿ ಆರ್‌ಸಿ ಜತೆ ಒಂದೊಂದೇ ಅಂಕಿ ತಾಳೆ ನೋಡುತ್ತೇನೆ. ಸುತ್ತ ಗ್ರೈಂಡರ್ ಗೀರು, ಸಾಲು ತಪ್ಪಿದ ಪಂಚ್ ಕಂಡರೆ ನಂಬರ್ ತಿದ್ದಿದ ಅನುಮಾನ, ಬೆಲೆಯ ಮಾತೇ ಎತ್ತುವುದಿಲ್ಲ. ಕೈಬರಹದ ಆರ್‌ಸಿ ಪುಸ್ತಕವಾದರೆ ವಿವರ ಸಾರಿಗೆ ಇಲಾಖೆಯ ಆನ್‌ಲೈನ್ ದಾಖಲೆ ‘ವಾಹನ್’ನಲ್ಲಿ ಏರಿರಬೇಕು, ಇಲ್ಲದಿದ್ದರೆ ಹಳೇ ವಿವರವನ್ನು ಅದಕ್ಕೆ ಏರಿಸುವ ಬ್ಯಾಕ್‌ಲಾಗ್ ಎಂಟ್ರಿಯನ್ನು ಮಾರುವವರಿಂದಲೇ ಮಾಡಿಸಿ, ಆಮೇಲೆ ಪೂರ್ತಿ ಹಣ ಕೊಡಿ.

ಬಣ್ಣದ ನಿಜ ತಿಳಿಯುವುದು ಬಿಸಿಲು ಬೀಳದ ಜಾಗದಲ್ಲಿ: ಸೀಟಿನ ಕೆಳಗೆ, ಟೂಲ್ ಬಾಕ್ಸ್ ಒಳಗೆ, ಟ್ಯಾಂಕಿನ ಅಡಿಯಲ್ಲಿ. ಅಲ್ಲಿ ಗಾಢವಾಗಿರಬಹುದು, ಬಣ್ಣವೇ ಬೇರೆಯಾಗಿರಬಾರದು. ವೈರು, ರಬ್ಬರಿನ ಮೇಲೆ ಪೇಂಟ್ ಸಿಡಿದಿದ್ದರೆ ಬಿಚ್ಚದೆ ಸ್ಪ್ರೇ ಹೊಡೆದಿದ್ದಾರೆಂದೇ ಲೆಕ್ಕ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮಡ್‌ಗಾರ್ಡ್ ಮೇಲೆ ಸರಿಸಿದರೆ ಹಿಡಿತ ಸಡಿಲವಾಗುವ ಕಡೆ ಡೊಂಕು ಮುಚ್ಚಲು ತುಂಬಿದ ಪುಟ್ಟಿ ಇರುತ್ತದೆ.

ಎಂಜಿನ್ನಿನಲ್ಲಿ ನನಗೆ ಮುಖ್ಯ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ-ಕೆಳಗಿನ ಓಟವನ್ನು ಸುತ್ತಾಗಿ ಬದಲಿಸುವ ದಂಡ. ಬಲಗಡೆಯ ಕವರ್ ತೆಗೆದು ಡೈನಮೋ ರೋಟರನ್ನು ಹಿಂದೆ ಮುಂದೆ ತುಸುವೇ ಅಲ್ಲಾಡಿಸಿ. ಪಿಸ್ಟನ್ ತಡವಾಗಿ ಅಲುಗಿದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಸವೆದಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ ಗೇರ್ ಆಯಿಲ್ ಇಳಿಯುತ್ತಿದ್ದರೆ ಎಡಗಡೆಯ ಕ್ರ್ಯಾಂಕ್ ಸೀಲ್ (ಎಣ್ಣೆ, ಗಾಳಿ ಒಳನುಗ್ಗದಂತೆ ತಡೆಯುವ ಉಂಗುರ) ಹೋಗಿದೆ. ಬಲಗಡೆಯ ಸೀಲ್ ಹೋದರೆ ಇನ್ನೂ ಕೆಟ್ಟದ್ದು: ಗಾಳಿ ಎಳೆದುಕೊಂಡು ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ, ಕೊನೆಗೆ ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಪೆಟ್ರೋಲಿಗೆ ಟೂ‌ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಲೀಟರಿಗೆ 40 ಮಿ.ಲೀ. ಹಾಕಿಯೇ ಓಡಿಸಿ ನೋಡಿ.

ಮಾರುವ ಮುಂಚೆ ಪೇಂಟ್ ಮಾಡಿಸಬೇಡಿ, ದಯವಿಟ್ಟು. ಎಂಜಿನ್ನಿಗೆ ಸೀಮೆಎಣ್ಣೆ, ಬ್ರಷ್. ಬಣ್ಣಕ್ಕೆ ಶಾಂಪೂ ನೀರು ಸಾಕು. ಪಟ್ಟೆಗಳ ಮೇಲೆ ರಬ್ಬಿಂಗ್ ಕಾಂಪೌಂಡ್ ತಿಕ್ಕಿದರೆ ಪಟ್ಟೆಯೇ ಅಳಿಸಿಹೋಗುತ್ತದೆ. ಕ್ರೋಮ್ ಮೇಲಿನ ತುಕ್ಕನ್ನು ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಫಾಯಿಲ್‌ನಿಂದ ಮೆಲ್ಲಗೆ ಉಜ್ಜಿ. ಫೋಟೋದಲ್ಲಿ ಡೊಂಕು, ತುಕ್ಕು, ಬದಲಾಯಿಸಿದ ಭಾಗ ಎಲ್ಲ ಕಾಣಲಿ. ಬಿಚ್ಚಿಟ್ಟ ಹಳೇ ಪಾರ್ಟ್ಸ್ ಇದ್ದರೆ ಗಾಡಿಯ ಜತೆಗೇ ಕೊಡಿ.

50 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂ., ಅವಧಿ 10 ವರ್ಷ. ಆದರೆ ಆಮೇಲೆ ಅದನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ; ಓಡಿಸುವ ಆಸೆಯಿರುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಲೇಸು. ಅದಕ್ಕೆ ಫಾರ್ಮ್ 25.

ಮಾರಾಟಕ್ಕೆ ಫಾರ್ಮ್ 29, 30. ಹೊರರಾಜ್ಯಕ್ಕಾದರೆ ಎನ್‌ಒಸಿಗೆ 28 ಕೂಡ. ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಡಬೇಡಿ. ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ಆರ್‌ಸಿಯಲ್ಲಿರುವವರ ಮೇಲೆ ಬರಬಹುದು. ಹಾಗಾಗಿ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜತೆ ಗಂಟೆ, ನಿಮಿಷವನ್ನೂ ಬರೆದು ಇಬ್ಬರೂ ಸಹಿ ಹಾಕಿ.