ಚೆಂಡು ಬಿಟ್ಟು ಆಟ ನೋಡಿ

ಮೊದಲ ಸಲ ಮೈದಾನಕ್ಕೆ ಹೋಗಿ ಫುಟ್‌ಬಾಲ್ ನೋಡುವವರಿಗೆ ಅರ್ಧ ಗಂಟೆಯಲ್ಲೇ ನಿರಾಸೆಯಾಗುವುದುಂಟು. ಟಿವಿಯಲ್ಲಿ ಅಷ್ಟು ಹತ್ತಿರ ಕಾಣುತ್ತಿದ್ದ ಆಟ ಇಲ್ಲಿ ಎಲ್ಲೋ ದೂರದಲ್ಲಿ ನಡೆಯುತ್ತಿರುತ್ತದೆ. ರಿಪ್ಲೇ ಇಲ್ಲ, ಕಾಮೆಂಟರಿ ಇಲ್ಲ, ಗೋಲೂ ಬಂದರೆ ಬಂತು. ಆದರೂ ನಾನು ಹೇಳುವುದು ಇಷ್ಟೇ: ಫುಟ್‌ಬಾಲ್ ಪೂರ್ತಿಯಾಗಿ ಕಾಣುವುದು ಮೈದಾನದಲ್ಲಿ ಮಾತ್ರ. ನೋಡುವ ರೀತಿಯನ್ನು ಕೊಂಚ ಕಲಿಯಬೇಕು, ಅಷ್ಟೆ.

ಮೊದಲು ಒಂದು ತಂಡ ಹಿಡಿಯಿರಿ

ಯಾವ ಕಡೆಯೂ ಇಲ್ಲದೆ ಪಂದ್ಯ ನೋಡಬಹುದು, ಆದರೆ ಅಭಿಮಾನಿ ಆಗಲಾಗದು. ಕಪ್‌ಗಳ ಲೆಕ್ಕ ನೋಡಿ ತಂಡ ಆರಿಸಿಕೊಳ್ಳಬೇಡಿ. ನಿಮಗೆ ಹೋಗಿ ನೋಡಲು ಆಗುವ ತಂಡವಿದ್ದರೆ, ಅದು ಕೆಳಗಿನ ದರ್ಜೆಯ ಲೀಗ್‌ನದ್ದಾದರೂ ಸರಿ, ಅದೇ ಒಳ್ಳೆಯದು. ಇಂಗ್ಲೆಂಡಿನ ಲೆಸ್ಟರ್ ಸಿಟಿ 2015ರಲ್ಲಿ ಕೆಳ ದರ್ಜೆಗೆ ಬೀಳುವುದರಿಂದ ಹೇಗೋ ಪಾರಾಗಿ, ಮರುವರ್ಷವೇ ಅಲ್ಲಿನ ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್ ಗೆದ್ದಿತು. ಅದರ ಹಳೆಯ ಅಭಿಮಾನಿಗಳಿಗೆ ಆದ ಸಂತೋಷ, ಗೆದ್ದ ಮೇಲೆ ಬಂದು ಸೇರಿದವರಿಗೆ ಸಿಕ್ಕಿರಲಿಕ್ಕಿಲ್ಲ. ಒಂದು ಇಡೀ ಋತುವಿನುದ್ದಕ್ಕೂ ಒಂದೇ ತಂಡವನ್ನು ಹಿಂಬಾಲಿಸಿ. ಐದಾರು ಪಂದ್ಯ ಕಳೆಯುವಷ್ಟರಲ್ಲಿ ಆಟಗಾರರನ್ನು ಅಂಗಿಯ ಸಂಖ್ಯೆ ನೋಡದೆ, ಓಡುವ ಧಾಟಿಯಿಂದಲೇ ಗುರುತಿಸುತ್ತೀರಿ.

ಆಫ್‌ಸೈಡ್ ಒಂದನ್ನು ಕಲಿತರೆ ಸಾಕು

ಫುಟ್‌ಬಾಲಿನಲ್ಲಿ ಒಟ್ಟು 17 ನಿಯಮಗಳಿವೆ. ತಲಾ 45 ನಿಮಿಷಗಳ ಎರಡು ಅವಧಿ, ನಡುವೆ 15 ನಿಮಿಷದ ವಿರಾಮ, ಪೋಲಾದ ಸಮಯಕ್ಕೆ ಕೊನೆಯಲ್ಲಿ ಒಂದಿಷ್ಟು ಹೆಚ್ಚುವರಿ ನಿಮಿಷ. ಹಳದಿ ಕಾರ್ಡ್ ಎಚ್ಚರಿಕೆ. ಎರಡು ಹಳದಿಯಾದರೆ ಕೆಂಪು, ಅಂದರೆ ಹೊರಕ್ಕೆ. ಉಳಿದದ್ದು ನೋಡುತ್ತ ನೋಡುತ್ತ ತಾನಾಗಿ ಬರುತ್ತದೆ.

ಆಫ್‌ಸೈಡ್ ಮಾತ್ರ ತಾನಾಗಿ ಬರುವುದಿಲ್ಲ, ಕುಳಿತು ಅರ್ಥ ಮಾಡಿಕೊಳ್ಳಬೇಕು. ತನ್ನ ತಂಡದವನು ಚೆಂಡು ಒದ್ದ ಕ್ಷಣದಲ್ಲಿ ಮುಂಚೂಣಿ ಆಟಗಾರ ಎಲ್ಲಿದ್ದ ಎಂಬುದೇ ಇಲ್ಲಿ ಪ್ರಶ್ನೆ. ಅವನು ಎದುರಾಳಿಯ ಅರ್ಧದೊಳಗಿದ್ದು, ಚೆಂಡಿಗಿಂತ ಮುಂದಿದ್ದು, ಅವನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಇಬ್ಬರಿಗಿಂತ ಕಡಿಮೆ ಇದ್ದರೆ ಅದು ಆಫ್‌ಸೈಡ್ ಜಾಗ. ಕೊನೆಯಿಂದ ಎರಡನೇ ಎದುರಾಳಿಗೆ ಸರಿಸಮನಾಗಿ ನಿಂತಿದ್ದರೆ ತಪ್ಪಿಲ್ಲ. ಆ ಇಬ್ಬರಲ್ಲಿ ಒಬ್ಬ ಸಾಮಾನ್ಯವಾಗಿ ಗೋಲ್‌ಕೀಪರ್, ಹಾಗಾಗಿ ಉಳಿಯುವುದು ಕೊನೆಯ ಡಿಫೆಂಡರ್, ಅಂದರೆ ಹಿಂದೆ ನಿಂತು ದಾಳಿ ತಡೆಯುವ ಆಟಗಾರ. ಆ ಜಾಗದಲ್ಲಿ ಸುಮ್ಮನೆ ನಿಂತರೆ ತಪ್ಪಲ್ಲ, ಅಲ್ಲಿಂದ ಆಟದಲ್ಲಿ ಪಾಲ್ಗೊಂಡರೆ ತಪ್ಪು. ಚೆಂಡು ಗೆರೆ ದಾಟಿ ಹೊರಹೋದ ಮೇಲೆ ಆಟ ಮತ್ತೆ ಶುರುಮಾಡುವ ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಈ ನಿಯಮ ಅನ್ವಯಿಸದು. 1925ರವರೆಗೆ ಇಬ್ಬರ ಬದಲು ಮೂವರು ಇರಬೇಕಿತ್ತು. ನಿಯಮ ಸಡಿಲಾದದ್ದೇ ತಡ, ಗೋಲುಗಳು ಹೆಚ್ಚಿದವು.

ಇದು ಓದಿ ತಲೆಗೆ ಹತ್ತದಿದ್ದರೆ ಚಿಂತೆ ಬೇಡ. ಮೈದಾನದಲ್ಲಿ ಹತ್ತು ನಿಮಿಷ ಲೈನ್ಸ್‌ಮನ್ ಒಬ್ಬನನ್ನೇ ನೋಡಿ. ಬಾವುಟ ಹಿಡಿದು ಗೆರೆಯುದ್ದಕ್ಕೂ ಅಡ್ಡಡ್ಡ ಸರಿಯುತ್ತಿರುತ್ತಾನಲ್ಲ, ಅವನು ಹಿಂಬಾಲಿಸುತ್ತಿರುವುದು ಹೆಚ್ಚಾಗಿ ಆ ಕೊನೆಯ ಡಿಫೆಂಡರ್‌ನನ್ನೇ. ಅವನ ನೇರಕ್ಕೆ ಮೈದಾನದ ಅಡ್ಡಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಮುಂಚೂಣಿ ಆಟಗಾರ ಆ ಗೆರೆಯ ಮೇಲೆಯೇ ಓರೆಯಾಗಿ ನಿಂತು, ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಡಿಫೆಂಡರ್ ಮೇಲೆ ಇಟ್ಟು ಕಾಯುವುದು ಕಾಣುತ್ತದೆ. ಅರ್ಧ ಹೆಜ್ಜೆ ಮೊದಲು ಹೊರಟರೆ ಬಾವುಟ ಮೇಲೆ, ಅರ್ಧ ಹೆಜ್ಜೆ ತಡವಾದರೆ ಚೆಂಡು ಕೈತಪ್ಪಿತು. ಈ ಕಾಯುವಿಕೆ ಕಣ್ಣಿಗೆ ಬಿದ್ದ ದಿನ ಆಟದ ಬಾಗಿಲು ತೆರೆದಂತೆ.

ಎಲ್ಲಿ ಕೂರಬೇಕು

ಗೋಲಿನ ಹಿಂಭಾಗ ಹಾಡು, ಡೋಲು, ಕೂಗಿನ ಜಾಗ. ಜರ್ಮನಿಯ ಡಾರ್ಟ್‌ಮಂಡ್‌ನ ಮೈದಾನದಲ್ಲಿ ಗೋಲಿನ ಹಿಂದಿನ ಒಂದೇ ಗ್ಯಾಲರಿಯಲ್ಲಿ ಸುಮಾರು 25,000 ಮಂದಿ ನಿಂತೇ ಆಟ ನೋಡುತ್ತಾರೆ. ಅಂಥ ಜಾಗಕ್ಕೆ ಒಮ್ಮೆಯಾದರೂ ಹೋಗಬೇಕು. ಆದರೆ ಮೊದಲ ಕೆಲವು ಪಂದ್ಯಗಳಿಗೆ ಮೈದಾನದ ಉದ್ದ ಬದಿಯ ಗ್ಯಾಲರಿಯ ಮೇಲಿನ ಸಾಲು ಕೇಳಿ ತೆಗೆದುಕೊಳ್ಳಿ. ಎತ್ತರದಿಂದ ಎರಡೂ ತಂಡಗಳು ನಿಂತ ಆಕಾರ ಕಾಣುತ್ತದೆ, ಯಾವ ಬದಿ ಖಾಲಿ ಬಿದ್ದಿದೆ ಎಂಬುದು ಆಟಗಾರನಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

ಒಂದು ಗಂಟೆ ಮುಂಚೆ ಹೋಗಿ. ಆಟಗಾರರು ಮೈ ಬಿಸಿ ಮಾಡಿಕೊಳ್ಳುವುದನ್ನು ನೋಡುವುದೂ ಪಾಠವೇ. ಮೈದಾನದ ಆಚೆ ತುದಿಯಲ್ಲಿ ಒದ್ದ ಚೆಂಡು ಮೊದಲು ಹಾರುವುದು ಕಂಡು, ಆಮೇಲೆ 'ಧಪ್' ಎಂಬ ಸದ್ದು ಕಿವಿಗೆ ಬರುತ್ತದೆ. ಇಂಥದ್ದು ಟಿವಿಯಲ್ಲಿ ಸಿಗದು.

ಒಬ್ಬನನ್ನು ಹಿಡಿದು ನೋಡಿ

ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ. ಮೈದಾನದಲ್ಲಿ ನಿಮ್ಮ ಕಣ್ಣು ನಿಮ್ಮದೇ. 90 ನಿಮಿಷದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ, ಆದರೆ ಅವನು ಹತ್ತು ಕಿಲೋಮೀಟರಿನಷ್ಟು ಓಡಿರುತ್ತಾನೆ. ಉಳಿದ ಹೊತ್ತೆಲ್ಲ ಅವನು ಏನು ಮಾಡುತ್ತಿದ್ದ?

ಒಂದು ಸಣ್ಣ ಲೀಗ್ ಪಂದ್ಯದಲ್ಲಿ ನಾನು ಕಾಲು ಗಂಟೆ ಎಡಬದಿಯ ಡಿಫೆಂಡರ್ ಒಬ್ಬನನ್ನೇ ನೋಡುತ್ತ ಕುಳಿತೆ. ಚೆಂಡು ತನ್ನ ಬಳಿ ಬರುವ ಮೊದಲು, ಪ್ರತಿ ಸಲವೂ, ಹೆಗಲ ಮೇಲಿಂದ ಎರಡು ಬಾರಿ ಹಿಂದಕ್ಕೆ ನೋಡುತ್ತಿದ್ದ. ತಂಡ ದಾಳಿಗೆ ಹೊರಟಾಗಲೆಲ್ಲ ಗೆರೆ ಹಿಡಿದು ಮುಂದಕ್ಕೆ ಓಡುತ್ತಿದ್ದ. ಚೆಂಡು ಬಾರದಿದ್ದರೆ ಗೊಣಗದೆ ಅಷ್ಟೂ ದೂರ ಹಿಂದಕ್ಕೆ ಓಡುತ್ತಿದ್ದ. ಅವನ ಓಟಕ್ಕೆ ಎದುರಾಳಿ ಒಬ್ಬ ಬೆನ್ನು ಹತ್ತಲೇಬೇಕಿತ್ತು, ಆ ಎದುರಾಳಿ ಬಿಟ್ಟುಹೋದ ಜಾಗದಲ್ಲಿ ಇನ್ನೊಬ್ಬ ನುಗ್ಗಿ ಗೋಲು ಹೊಡೆದ. ಎಲ್ಲರೂ ಹೊಡೆದವನ ಹೆಸರು ಕೂಗಿದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆ ಡಿಫೆಂಡರ್‌ಗೆ.

ಹಾಗಾಗಿ ಪ್ರತಿ ಪಂದ್ಯದಲ್ಲೂ ಹತ್ತು ನಿಮಿಷವಾದರೂ ಒಬ್ಬನನ್ನು ಆರಿಸಿಕೊಳ್ಳಿ. ದಾಳಿ ಆಚೆ ತುದಿಯಲ್ಲಿ ನಡೆಯುವಾಗ ನಿಮ್ಮ ಗೋಲ್‌ಕೀಪರ್ ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಬಾಕ್ಸ್ ದಾಟಿ ಮುಂದೆ ಬಂದು, ಕೈ ಬೀಸಿ ಡಿಫೆಂಡರ್‌ಗಳನ್ನು ಸರಿಸುತ್ತಿರುವುದನ್ನು ನೋಡಿ.

ಕೊನೆಯ ಸೀಟಿಯವರೆಗೆ ಏಳಬೇಡಿ

ಟ್ರಾಫಿಕ್‌ಗೆ ಹೆದರಿ ಐದು ನಿಮಿಷ ಮೊದಲೇ ಎದ್ದು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯುರೋಪಿನ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ 1999ರ ಫೈನಲ್‌ನಲ್ಲಿ 90 ನಿಮಿಷ ಮುಗಿದಾಗ ಬಯರ್ನ್ ಮ್ಯೂನಿಕ್ 1-0ಯಿಂದ ಮುಂದಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಎರಡು ಕಾರ್ನರ್‌ಗಳಿಂದ ಶೆರಿಂಗಮ್ ಒಂದು, ಸೋಲ್‌ಶೇರ್ ಇನ್ನೊಂದು ಗೋಲು ಹೊಡೆದು ಕಪ್ಪನ್ನು ಮ್ಯಾಂಚೆಸ್ಟರ್ ಯುನೈಟೆಡ್ ಪಾಲು ಮಾಡಿದರು.

ನಿಮ್ಮ ತಂಡ ಸೋತರೂ ಕುಳಿತಿರಿ. ಆಟಗಾರರು ಗ್ಯಾಲರಿಯ ಹತ್ತಿರ ಬಂದು ಚಪ್ಪಾಳೆ ತಟ್ಟಿದರೆ ನೀವೂ ತಟ್ಟಿ. ಮನೆಗೆ ಬಂದ ಮೇಲೆ ಅದೇ ಪಂದ್ಯದ ಹೈಲೈಟ್ಸ್ ಹಾಕಿ ನೋಡಿ, ಎಪ್ಪತ್ತನೇ ನಿಮಿಷದಲ್ಲಿ ನೀವು ಕಂಡ ಆ ಉದ್ದದ ಓಟ ಅದರಲ್ಲಿದೆಯೇ ಎಂದು ಹುಡುಕಿ.